ತವರಿಗೆ ಸುಂಕ

ಬಳಿಗಾರ ಓಣಿ, ಹುಬ್ಬಳ್ಳಿ
ಫೆಬ್ರವರಿ ೩೦, ೨೧೩೧

ಶಶಿರೇಖಾ ಅವರಿಗೆ, ಇದೇ ಮನೆಯ ಸೊಸೆ ಸಂಪದಾ ಮಾಡುವ ನಮಸ್ಕಾರಗಳು.

ಈಗ ಬೆಳಗಿನ ಜಾವದ ಮೂರು ಗಂಟೆ. ಓಣಿಯ ಬಾಯಲ್ಲಿರುವ ಕಂಬ ಎರಡು ಸಲ ಟಿಣ್ ಎಂದಿತು, ನಾನು ಎದ್ದು ಕೂತೆ. ನಿದ್ದೆ ಎಂದು ಹೇಳುವಂಥದ್ದೇನೂ ಇರಲಿಲ್ಲ, ಕಣ್ಣು ಮುಚ್ಚಿತ್ತು ಅಷ್ಟೇ. ಹೊರಗಿನ ಗಾಡಿಯೊಂದು ಒಳಗೆ ಬಂದಾಗ ಆ ಕಂಬ ಹಾಗೆ ಸದ್ದು ಮಾಡುತ್ತದೆ. ಆಸ್ಪತ್ರೆಯಿಂದ ಯಾರೋ ಸುದ್ದಿ ತಂದರೇನೋ ಎಂದು ಕಿಟಕಿಗೆ ಓಡಿದೆ. ಯಾರೂ ಅಲ್ಲ. ಉದ್ದನೆಯ ಕಪ್ಪು ಗಾಡಿಯೊಂದು ಸದ್ದಿಲ್ಲದೆ ಮುಂದಕ್ಕೆ ಜಾರಿತು. ಹಳೇ ಪೇಟೆಯ ಊಟದ ಮನೆಗಳಿಗೆ ರಾತ್ರಿಯೆಲ್ಲ ಇಂಥವರು ಬರುತ್ತಾರೆ; ಸುಂಕ ಅವರಿಗೆ ಒಂದು ಲೆಕ್ಕವೇ ಅಲ್ಲ. ಮಗು ಮಾತ್ರ ಏಳಲಿಲ್ಲ. ಮತ್ತೆ ಮಲಗಿದರೆ ಅದೇ ಯೋಚನೆ ಬರುತ್ತದೆ, ಹಾಗಾಗಿ ಬರೆಯಲು ಕೂತಿದ್ದೇನೆ.

ಮೇಲೆ ಹಾಕಿದ ತಾರೀಖು ನೋಡಿ ನಿಮಗೆ ನಗು ಬಂದಿರಬಹುದು. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಅಜ್ಜಿಯ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದರು. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಬೇಕು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಮುಟ್ಟಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ಹೆಚ್ಚಿನವರು ಮುದುಕರಾಗುವ ತನಕ ಅದನ್ನು ಕಾಯ್ದಿಟ್ಟುಕೊಂಡು, ಕೊನೆಗೆ ತೀರಿಕೊಂಡ ತಂದೆತಾಯಿಗೆ ಬರೆಯುತ್ತಾರೆ. ನಾನು ಇಪ್ಪತ್ತೆಂಟಕ್ಕೇ ಖರ್ಚು ಮಾಡುತ್ತಿದ್ದೇನೆ. ನೀವು ನನ್ನ ಗಂಡ ಗುರುಪಾದನ ಮುತ್ತಜ್ಜನ ತಾಯಿ. ಈ ಕಾಗದ ನಿಮ್ಮ ಕೈಗೆ ಸಿಗುವ ರಾತ್ರಿ ನಿಮಗೆ ಮೂವತ್ತಾರು ವರ್ಷ, ತೊಡೆಯ ಮೇಲೆ ಕೂಸು. ಅಜ್ಜಿ ಎಂದು ಕರೆಯಲು ಬಾಯಿ ಬರುತ್ತಿಲ್ಲ. ಅಕ್ಕಾ ಎನ್ನುತ್ತೇನೆ.

ಅಕ್ಕಾ, ನಿಮ್ಮ ಊರಿನ ನಡುವೆ ಎಳೆಯಲು ಹೊರಟಿರುವ ಗೆರೆಯ ವಿಷಯ ಇದು. ದಟ್ಟಣೆಯ ಪೇಟೆಯ ಸುತ್ತ ಗೆರೆ, ಗೆರೆ ದಾಟಿ ಒಳಗೆ ಬರುವ ಗಾಡಿಗೆ ಸುಂಕ. ನಾವು ಅದಕ್ಕೆ ಹೊಗುಸುಂಕ ಎನ್ನುತ್ತೇವೆ. ಅದು ಕೆಟ್ಟದ್ದೆಂದು ಹೇಳಲು ನಾನು ಕೂತಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವಳು ನಾನು, ಈ ಗೆರೆ ನಮಗೆ ಪಾಠವಾಗಿತ್ತು, ಚೆನ್ನಾಗಿಯೇ ಬರೆದು ಪಾಸಾದೆ. ಗಾಳಿ ಹಗುರವಾಯಿತು, ಸುಳ್ಳಲ್ಲ. ಓಣಿಯಲ್ಲಿ ಹುಡುಗರು ರಸ್ತೆಯ ನಡುವೆಯೇ ಗೋಲಿ ಆಡುತ್ತಾರೆ. ಬೆಳಿಗ್ಗೆ ಗುಬ್ಬಿಗಳ ಗದ್ದಲಕ್ಕೆ ಅತ್ತೆ ಬೈಯುತ್ತಾರೆ. ನನ್ನ ಮಗಳು ಹುಟ್ಟಿ ಮೂರು ತಿಂಗಳಾಯಿತು, ಇನ್ನೂ ಒಂದು ಸಲ ಕೆಮ್ಮಿಲ್ಲ. ನಿಮ್ಮ ಕಾಲದಲ್ಲಿ ಈ ಓಣಿಯ ಮಕ್ಕಳಿಗೆ ಮೂಗಿನಲ್ಲಿ ಕಪ್ಪು ಬರುತ್ತಿತ್ತಂತೆ. ನೀವೇ ಹೇಳಿದ್ದು, ಮನೆಯಲ್ಲಿ ಹಾಗೇ ಹರಿದು ಬಂದಿದೆ.

ಆದರೆ ಗೆರೆ ಎಳೆಯುವಾಗ ಒಳಗೆ ಇರುವವರ ಗಾಡಿಗಳನ್ನಷ್ಟೇ ಸುಂಕವಿಲ್ಲದೆ ಬಿಟ್ಟರು. ಒಳಗಿನವರು ಕೇಳಿದ್ದೂ ಅಷ್ಟನ್ನೇ. ನಮ್ಮ ಮನೆಗೆ ಬರುವವರ ಗಾಡಿಯ ಮಾತನ್ನು ಯಾರೂ ಎತ್ತಲಿಲ್ಲ. ಮನೆ ಎಂದರೆ ಅದರೊಳಗೆ ಇರುವವರು ಮಾತ್ರವೇ ಅಕ್ಕಾ? ನಳ ಸೋರಿದರೆ ಬರುವವನು, ಮಾಳಿಗೆ ಬಿರುಕು ಬಿಟ್ಟರೆ ಬರುವ ಗೌಂಡಿ, ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೆಂಗಸು, ಲಗ್ನವಾಗಿ ಹೋದ ಹೆಣ್ಣುಮಕ್ಕಳು, ಬೀಗರು, ಬಿಜ್ಜರು. ಗೌಂಡಿಯ ಕೂಲಿಗಿಂತ ಅವನ ಗಾಡಿಯ ಸುಂಕ ದೊಡ್ಡದಾದರೆ ಅವನು ಹೊರಗೇ ಕೆಲಸ ಹುಡುಕುತ್ತಾನೆ. ನಮ್ಮ ಮಾಳಿಗೆ ಎರಡು ಮಳೆಗಾಲದಿಂದ ಹಾಗೇ ಇದೆ. ನನ್ನ ಬಾಣಂತನದಲ್ಲಿ ನೀರು ಹಾಕಲು ಯಾರೂ ಸಿಗದೆ ಅತ್ತೆಯೇ, ಆ ಸೊಂಟ ಹಿಡಿದುಕೊಂಡು, ಕೊಡ ಎತ್ತಿದರು. ಬಸ್ಸುಗಳಿಲ್ಲವೇ ಎಂದು ನೀವು ಕೇಳಬಹುದು. ಮೊದಲು ಬೇಕಾದಷ್ಟು ಇದ್ದವಂತೆ. ಆಮೇಲೆ ಅಂಗಡಿಗಳೆಲ್ಲ ಒಂದೊಂದಾಗಿ ಗೆರೆಯ ಆಚೆ ಹೋದವು, ಜನ ಕಡಿಮೆಯಾದರು, ಜನ ಕಡಿಮೆಯಾದರೆಂದು ಬಸ್ಸುಗಳೂ ಕಡಿಮೆಯಾದವು. ರವಿವಾರ ಒಳಗಿನ ಬಸ್ಸು ಓಡುವುದೇ ಇಲ್ಲ. ನೆಂಟರು ಬರುವುದು ರವಿವಾರವೇ ಎಂಬುದು ಅವರಿಗೆ ಹೊಳೆದಿಲ್ಲ.

ಈಗ ಪ್ರತಿ ಮನೆಗೂ ವರ್ಷಕ್ಕೆ ಇಂತಿಷ್ಟು ಗಾಡಿ ಸುಂಕವಿಲ್ಲದೆ ಬರಬಹುದು ಎಂದು ಬಿಟ್ಟಿದ್ದಾರೆ. ಅದಕ್ಕೆ ಬರುಪಾಲು ಎನ್ನುತ್ತೇವೆ. ಯುಗಾದಿಗೆ ಹೊಸ ಪಾಲು ಬರುತ್ತದೆ. ದೀಪಾವಳಿಯ ಹೊತ್ತಿಗೆ ಎಲ್ಲರದೂ ಮುಗಿದಿರುತ್ತದೆ. ಆಮೇಲೆ ಬರುವ ಒಂದೊಂದು ಗಾಡಿಗೂ ಸುಂಕ ಏರುತ್ತಲೇ ಹೋಗುತ್ತದೆ, ಅದೂ ಬರುವವರ ಖಾತೆಯಿಂದಲೇ. ಹೀಗಾಗಿ ಓಣಿಯಲ್ಲಿ ಒಂದು ಪದ್ಧತಿ ಬೆಳೆದಿದೆ, ಪಾಲು ಕಡ ಕೊಡುವುದು. ನಿಮ್ಮ ಕಾಲದಲ್ಲಿ ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಕೇಳಲು ಬರುತ್ತಿದ್ದ ಹಾಗೆ ಈಗ ಬಾಗಿಲಿಗೆ ಬಂದು, ‘ವೈನಿ, ಒಂದ ಪಾಲ ಐತೇನ್ರಿ? ಹುಡುಗಿ ನೋಡಾಕ ಬರಾಕತ್ತಾರ’ ಎನ್ನುತ್ತಾರೆ. ಪಾಲು ಇಲ್ಲದವರು ಗೆರೆಮನೆಗೆ ಹೋಗುತ್ತಾರೆ. ಗೆರೆಯ ಮೇಲೆಯೇ ಕಟ್ಟಿದ ಬಾಡಿಗೆ ಕೋಣೆಗಳು ಅವು, ಒಂದು ಬಾಗಿಲು ಒಳಗೆ, ಒಂದು ಹೊರಗೆ. ಮಾತುಕತೆ, ನಿಶ್ಚಯ, ಕುಬಸ ಎಲ್ಲ ಅಲ್ಲೇ. ತಿಥಿ ಊಟವನ್ನು ಕೂಡ ಅಲ್ಲಿ ಮಾಡಿದವರನ್ನು ಕಂಡಿದ್ದೇನೆ. ಕೋಣೆ ಸಿಗದವರು ಬೆಂಚುಗಳ ಮೇಲೆ ಕೂತಿರುತ್ತಾರೆ, ಚೀಲ ಕಾಲಬುಡದಲ್ಲಿ ಇಟ್ಟುಕೊಂಡು, ಒಳಗಿನಿಂದ ತಮ್ಮವರು ಯಾರಾದರೂ ಬರಲಿ ಎಂದು. ಗೆರೆಯ ಉದ್ದಕ್ಕೂ ಯಾವಾಗಲೂ ಯಾರಾದರೂ ಕೂತೇ ಇರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಈ ಮಾತು ಸ್ವಲ್ಪ ನೆನಪಿಡಿ.

ಇನ್ನು ನನ್ನ ಮಗಳ ವಿಷಯ. ಅವಳಿಗೆ ಇನ್ನೂ ಹೆಸರಿಲ್ಲ.

ಹೆಸರಿಡುವ ಪದ್ಧತಿಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮಿಂದಲೇ ಬಂದದ್ದು. ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಉಸುರಬೇಕು. ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಈ ಮನೆಯಲ್ಲಿ ಇನ್ನೊಂದು ಹೆಚ್ಚಿನದು ಸೇರಿದೆ. ಹೆಸರನ್ನು ಆರಿಸುವವಳೂ ಸೋದರತ್ತೆಯೇ, ಕೂಸಿನ ಕಿವಿಗೆ ಬೀಳುವ ಮೊದಲು ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ನನ್ನ ಮಗಳ ಸೋದರತ್ತೆ ನೀಲಾಂಬಿಕಾ, ಗುರುಪಾದನ ಅಕ್ಕ, ಅವನಿಗಿಂತ ಹದಿನಾರು ವರ್ಷಕ್ಕೆ ದೊಡ್ಡವಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡನ ಮನೆ ಗೆರೆಯ ಆಚೆ, ಕೇಶ್ವಾಪುರದ ಕಡೆ. ರಕ್ತದೊತ್ತಡ, ಮೊಣಕಾಲು ನೋವು, ಬಾಯಿ ಮಾತ್ರ ಜೋರು. ಮಗು ಹುಟ್ಟಿದ ದಿನವೇ ಫೋನಿನಲ್ಲಿ, ‘ಏ ಗುರುಪಾದಾ, ನಾ ಬಂದ ಕಿವ್ಯಾಗ ಹೇಳೂತನಕ ಕೂಸಿಗೆ ಯಾರೂ ಏನೂ ಕರೀಬ್ಯಾಡ್ರಿ. ಚಿನ್ನಿ ಮುನ್ನಿ ಅಂದ್ರ ನೋಡ ಮತ್ತ!’ ಎಂದು ಹುಕುಂ ಮಾಡಿದಳು. ಅತ್ತೆ ಪುಸಲಾಯಿಸಿದರು, ‘ನಿನ್ನ ಹಡದಾಕಿಗರ ಹೇಳವಾ, ಏನ ಹೆಸರ ಹುಡುಕೀದಿ?’ ಎಂದು. ‘ಹಡದಾಕಿ ಬಾಯಿ ಇಡೀ ಓಣಿಗೆ ಗೊತ್ತ ಐತಿ. ಹೇಳಿದ್ರ ಸಂಜಿಕ ಹೂವಿನಾಕಿ ನಂಗ ಹೇಳ್ತಾಳ’ ಎಂದು ನೀಲಕ್ಕ ನಕ್ಕಳು.

ಅವಳಿಗೆಂದು ನಮ್ಮ ಕೊನೆಯ ಪಾಲನ್ನು ಎತ್ತಿಟ್ಟಿದ್ದೆವು. ತೊಟ್ಟಿಲಿಗೆ ಹಾಕುವ ದಿನ ಗೊತ್ತುಮಾಡಿದ್ದೂ ಆಗಿತ್ತು. ಅಷ್ಟರಲ್ಲಿ ಎದುರು ಮನೆಯ ಮೆಹಬೂಬಸಾಬರ ತಾಯಿ ತೀರಿಕೊಂಡರು. ಅವರ ಇಬ್ಬರು ಹೆಣ್ಣುಮಕ್ಕಳು ಗದಗಿನಿಂದ ಬರಬೇಕಿತ್ತು. ಮೆಹಬೂಬಸಾಬರು ಬಂದು ಬಾಗಿಲಲ್ಲಿ ನಿಂತರು. ಗುರುಪಾದ ನನ್ನ ಮುಖ ನೋಡಿದ, ನಾನು ಕೊಡು ಎಂದೆ. ಸಾವಿಗೆ ಪಾಲು ಇಲ್ಲ ಎನ್ನುವ ಮನೆ ಈ ಓಣಿಯಲ್ಲಿ ಇಲ್ಲ. ಇವತ್ತು ಕೇಳಿದರೂ ಕೊಡುತ್ತೇನೆ.

ನೀಲಕ್ಕನಿಗೆ ಹೇಳಿದಾಗ ಅವಳೂ, ‘ಛಲೋ ಮಾಡ್ದಿ ತಮ್ಮಾ. ಅವರಿಗೆ ಅವ್ವನ ಮಾರಿ ಮತ್ತ ಸಿಗೂದಿಲ್ಲ. ನನ್ನ ಕೂಸ ಎಲ್ಲಿ ಓಡಿ ಹೋಗತೈತಿ?’ ಎಂದಳು. ಸುಂಕ ನಾನು ಕಟ್ಟುತ್ತೇನೆ, ಗಾಡಿಯಲ್ಲಿ ಬಾ ಎಂದು ಗುರುಪಾದ ಎಷ್ಟು ಹೇಳಿದರೂ ಕೇಳಲಿಲ್ಲ. ‘ತವರಮನಿಗೆ ರೊಕ್ಕ ಕೊಟ್ಟ ಬರಬೇಕನ? ನಾ ಏನ ಸರ್ಕಸ್ ನೋಡಾಕ ಬರಾಕತ್ತೀನಿ? ಕೂಸಿನ ಹಾಲಿನ ರೊಕ್ಕ ಆ ಕಂಬದ ಬಾಯಾಗ ಹಾಕತೀಯೇನ, ಖೋಡಿ?’ ಗೆರೆಮನೆಯ ಮಾತೆತ್ತಿದರೆ ಇನ್ನೂ ಸಿಟ್ಟು. ಅವಳು ಮಲಗಿದ ತೊಟ್ಟಿಲು, ಅವಳ ತಮ್ಮ ಮಲಗಿದ ತೊಟ್ಟಿಲು ಈ ಪಡಸಾಲೆಯ ತೊಲೆಯಿಂದ ಇಳಿಯುವುದಿಲ್ಲ ಎಂದಳು. ಕೊನೆಗೆ ಯುಗಾದಿಯ ತನಕ ಕಾಯೋಣ, ಹೊಸ ಪಾಲು ಬಂದ ಕೂಡಲೇ ಮಾಡೋಣ ಎಂದು ಎಲ್ಲರೂ ಒಪ್ಪಿದೆವು.

ಕಾಯುವುದು ಅವಳಿಂದ ಆಗಲಿಲ್ಲ ಅಕ್ಕಾ. ಹೋದ ಶನಿವಾರ ಫೋನಿನಲ್ಲಿ ಮಗು ಮೊದಲ ಸಲ ಗಟ್ಟಿಯಾಗಿ ನಕ್ಕದ್ದನ್ನು ಕೇಳಿಸಿಕೊಂಡಳು. ಮರುದಿನ, ರವಿವಾರ, ಯಾರಿಗೂ ಹೇಳದೆ ಹೊರಟಳು. ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ ಚೀಲದಲ್ಲಿ, ಡಬ್ಬಿಯಲ್ಲಿ ಗುಗ್ಗರಿ. ಗೆರೆಯ ತನಕ ಬಸ್ಸಿನಲ್ಲಿ ಬಂದಿದ್ದಾಳೆ. ಒಳಗೆ ಬಸ್ಸಿಲ್ಲ, ನಡೆದಿದ್ದಾಳೆ. ನಮ್ಮ ಫೆಬ್ರವರಿ ನಿಮ್ಮ ಏಪ್ರಿಲ್ ಇದ್ದ ಹಾಗೆ, ಬಿಸಿಲು ಆಗಲೇ ನೆತ್ತಿ ಕಾಯಿಸುತ್ತದೆ. ಸ್ವಲ್ಪ ದೂರ ಬಂದು, ಏನೋ ಸರಿಯಿಲ್ಲ ಅನ್ನಿಸಿರಬೇಕು, ತಿರುಗಿ ಗೆರೆಯ ಹತ್ತಿರ ಹೋಗಿ ಬೆಂಚಿನ ಮೇಲೆ ಕೂತಿದ್ದಾಳೆ. ಅಲ್ಲಿ ಕೂತಲ್ಲಿಯೇ ಅವಳಿಗೆ ಲಕ್ವಾ ಹೊಡೆದಿದೆ. ಮಧ್ಯಾಹ್ನವೆಲ್ಲ ಹಾಗೇ ಕೂತಿದ್ದಳು. ಕಾಲಬುಡದಲ್ಲಿ ಚೀಲ, ತೊಡೆಯ ಮೇಲೆ ಡಬ್ಬಿ. ನೂರಾರು ಜನ ಅವಳ ಮುಂದೆ ಹಾದು ಹೋದರು. ಎಲ್ಲರಿಗೂ ಅವಳು ಒಳಗಿನವರಿಗಾಗಿ ಕಾದು ಕೂತವಳ ಹಾಗೆಯೇ ಕಂಡಳು. ನಾನು ಆ ದಾರಿಯಲ್ಲಿ ಹೋಗಿದ್ದರೆ, ಅವಳ ಮುಖ ಆ ಕಡೆ ಇದ್ದಿದ್ದರೆ, ನಾನೂ ಹಾದು ಹೋಗುತ್ತಿದ್ದೆ. ಸಂಜೆ ಬೆಂಚು ಒರೆಸುವ ಹೆಂಗಸು, ‘ಅಕ್ಕಾರ, ಯಾರ ಬರಾವ್ರದಾರ್ರಿ? ಫೋನ ಹಚ್ಚಿ ಕೊಡ್ಲೇನ?’ ಎಂದು ಕೇಳಿದ್ದಾಳೆ, ಉತ್ತರ ಬರದೆ ಹೋದಾಗ ಮುಖ ನೋಡಿ ಕೂಗಿಕೊಂಡಿದ್ದಾಳೆ.

ಆಂಬುಲೆನ್ಸಿಗೆ ಸುಂಕವಿಲ್ಲ, ಬೇಗ ಬಂತು, ಅದನ್ನು ಹೇಳಬೇಕು. ಬಿಸಿಲಿನಿಂದಲೇ, ನಡೆದದ್ದರಿಂದಲೇ ಹೀಗಾಯಿತು ಎಂದು ವೈದ್ಯರು ಹೇಳುವುದಿಲ್ಲ. ಮನೆಯಲ್ಲಿದ್ದರೂ ಆಗಬಹುದಿತ್ತು ಎನ್ನುತ್ತಾರೆ. ಆದರೆ ಆದ ಕೂಡಲೇ ತಂದಿದ್ದರೆ ಮಾತು ಉಳಿಯುತ್ತಿತ್ತು ಎನ್ನುತ್ತಾರೆ. ಮನೆಯಲ್ಲಾಗಿದ್ದರೆ ಆದ ಕೂಡಲೇ ನೋಡುವವರು ಇರುತ್ತಿದ್ದರಲ್ಲ. ಗಾಡಿಯಲ್ಲಾಗಿದ್ದರೆ ಗಾಡಿ ನಡೆಸುವವನಾದರೂ ನೋಡುತ್ತಿದ್ದ. ಅವಳ ಬಲಗೈ ಹೋಗಿದೆ. ಎಡಗೈಗೆ ಹಲಗೆ ಕೊಟ್ಟರೆ ಅಕ್ಷರಗಳನ್ನೇ ಮೊದಲ ಸಲ ಕಂಡವಳ ಹಾಗೆ ನೋಡುತ್ತಾಳೆ. ಎಲ್ಲವೂ ಅರ್ಥವಾಗುತ್ತದೆ, ಹೇಳಲು ಬರುವುದಿಲ್ಲ.

ನಿನ್ನೆ ಮಗುವನ್ನು ಎತ್ತಿಕೊಂಡು ಹೋಗಿದ್ದೆ. ಅವಳು ತಂದ ಕುಂಚಿಗೆಯನ್ನೇ ತೊಡಿಸಿದ್ದೆ. ಹಾಸಿಗೆಯ ಮೇಲೆ ಮಲಗಿಸಿದ ಕೂಡಲೇ ನೀಲಕ್ಕ ಕತ್ತು ಹೊರಳಿಸಿ, ಬಾಯನ್ನು ಮಗುವಿನ ಕಿವಿಯ ಹತ್ತಿರ ತಂದಳು. ಅತ್ತೆ, ಗುರುಪಾದ, ನಾನು ಮೂವರೂ ಹತ್ತಿರ ಬಾಗಿದೆವು. ಕುರ್‍ರ್ ಎಂದಳು. ಸ್ಪಷ್ಟವಾಗಿ ಬಂತು ಅಕ್ಕಾ, ಯಾರಿಗಾದರೂ ಕೇಳುವಷ್ಟು ಸ್ಪಷ್ಟವಾಗಿ. ಅತ್ತೆಯ ಕೈ ತಾನಾಗಿಯೇ ಗುದ್ದಲು ಮೇಲೆದ್ದಿತು, ಅಲ್ಲಿಯೇ ನಿಂತಿತು. ಹೆಸರು ಬರಲಿಲ್ಲ. ಮತ್ತೆ ಕುರ್‍ರ್ ಎಂದಳು, ಮತ್ತೆ. ಮಗು ಕಚಗುಳಿ ಆದಂತಾಗಿ ನಕ್ಕಿತು. ನೀಲಕ್ಕನ ಕಣ್ಣಿಂದ ನೀರು ಇಳಿದು ಆ ಕುಂಚಿಗೆ ಒದ್ದೆಯಾಯಿತು.

ಗುರುಪಾದ ತನಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದ, ಹೌದಾದರೆ ಕಣ್ಣು ಮುಚ್ಚು ಎಂದ. ದೇವರ ಹೆಸರು, ಹೊಳೆಯ ಹೆಸರು, ಮನೆಯ ಹಿರಿಯರ ಹೆಸರು. ನಿಮ್ಮ ಹೆಸರನ್ನೂ ಹೇಳಿದ. ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದಳು. ‘ಗುಂಡವ್ವ ಅಂತ ಇಟ್ಟಿದ್ಲೇನ ನೋಡೋ, ಇಕೀದ ಏನ ಹೇಳಾಕ ಬರತೈತಿ’ ಎಂದು ಅತ್ತೆ ನಗಿಸಲು ನೋಡಿದರು. ನೀಲಕ್ಕನ ಅರ್ಧ ಬಾಯಿ ನಕ್ಕಿತು. ಅದನ್ನು ನೋಡಿ ಅತ್ತೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಬೇರೆ ಹೆಸರಿಡಿ ಎಂದು ನನ್ನ ತಾಯಿ ಹೇಳುತ್ತಾಳೆ. ಇಟ್ಟರೆ ನೀಲಕ್ಕ ಇನ್ನು ಮಾತಾಡುವುದಿಲ್ಲ ಎಂದು ನಾವೇ ತೀರ್ಮಾನ ಮಾಡಿದ ಹಾಗೆ. ಗುರುಪಾದ ಒಪ್ಪುವುದಿಲ್ಲ, ನಾನೂ ಒಪ್ಪಲಾರೆ. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ. ಎರಡನೆಯ ಸಲ ಲಕ್ವಾ ಹೊಡೆಯುವ ಭಯ ಇನ್ನೂ ಹೋಗಿಲ್ಲ. ರಾತ್ರಿ ಗುರುಪಾದ ಅಲ್ಲಿಯೇ ಉಳಿದಿದ್ದಾನೆ. ನಾನು ಇಲ್ಲಿ ಮಗಳ ಹತ್ತಿರ ಮಲಗಿ, ಅವಳಿಗೆ ಏನೆಂದು ಕರೆದು ಸಮಾಧಾನ ಮಾಡಬೇಕೋ ತಿಳಿಯದೆ, ಬರೀ ಶ್‍ ಶ್‍ ಎನ್ನುತ್ತೇನೆ.

ಈಗ ನಿಮ್ಮ ರಾತ್ರಿಯ ವಿಷಯ ಹೇಳಿಬಿಡುತ್ತೇನೆ. ಈ ಮನೆಯ ಸೊಸೆಯಂದಿರಿಗೆ ಬಾಯಿಂದ ಬಾಯಿಗೆ ಬಂದ ಮಾತಿದು. ನನಗೆ ಅತ್ತೆ ಹೇಳಿದರು, ಅವರಿಗೆ ಅವರ ಅತ್ತೆ. ಗೆರೆಯ ಬಗ್ಗೆ ಓಣಿಯವರ ತಕರಾರು ಕೇಳಲು ಒಬ್ಬ ಎಂಜಿನಿಯರ್ ಬಂದಿದ್ದರಂತೆ. ಓಣಿಯ ಪರವಾಗಿ ಮಾತಾಡಿದವರು ನೀವು. ನಮ್ಮ ಗಾಡಿಗಳನ್ನು ಬಿಡಬೇಕು ಎಂದು ಕೇಳಿದಿರಿ, ಅವರು ಒಪ್ಪಿ ಬರೆದುಕೊಂಡರು. ಹೋಗುವಾಗ ತಮ್ಮ ನಂಬರು ಕೊಟ್ಟು, ‘ನಾಳೆ ಮುಂಜಾನೆ ಇದನ್ನ ಮ್ಯಾಲ ಕಳಸ್ತೀನ್ರಿ. ಅದರೊಳಗ ಏನರ ನೆನಪಾದ್ರ ಎಷ್ಟ ಹೊತ್ತಾದ್ರೂ ಅಡ್ಡಿಯಿಲ್ಲ, ಫೋನ್ ಮಾಡ್ರಿ ಅಕ್ಕಾರ, ಸೇರಸ್ತೀನಿ’ ಎಂದರಂತೆ. ನಡುರಾತ್ರಿ ಕೂಸಿಗೆ ಹಾಲು ಕೊಡುವಾಗ ನಿಮಗೆ ಹೊಳೆಯಿತು, ನಮ್ಮ ಮನೆಗೆ ಬರುವವರ ಗತಿ ಏನು ಎಂದು. ಇಷ್ಟು ಹೊತ್ತಿನಲ್ಲಿ ಯಾರನ್ನೋ ಎಬ್ಬಿಸುವುದು ಹೇಗೆ, ಮುಂಜಾನೆ ಎದ್ದು ಹೇಳಿದರಾಯಿತು ಎಂದುಕೊಂಡಿರಿ. ಹಿಂದಿನ ಎರಡು ರಾತ್ರಿ ಕೂಸು ಮಲಗಲು ಬಿಟ್ಟಿರಲಿಲ್ಲ. ಎಚ್ಚರವಾದಾಗ ಹೊತ್ತೇರಿತ್ತು, ಎಂಜಿನಿಯರ್ ಬರೆದುಕೊಂಡ ಕಾಗದ ಮೇಲಕ್ಕೆ ಹೋಗಿಯಾಗಿತ್ತು. ಆಮೇಲೆ ಎಷ್ಟು ಅರ್ಜಿ ಕೊಟ್ಟರೂ ಯಾರೂ ಕೇಳಲಿಲ್ಲವಂತೆ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಕೂಸು ಮಲಗಿದಾಗ ತಾಯಿಗೆ ಬರುವ ನಿದ್ದೆ ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಈ ಕಾಗದ ಅದೇ ರಾತ್ರಿ, ನೀವು ಎದ್ದು ಕೂತಿರುವ ಆ ಹೊತ್ತಿಗೇ ಮುಟ್ಟಲಿ ಎಂದು ಕೇಳಿಕೊಂಡಿದ್ದೇನೆ. ಹಿಂದಿನದು ಬದಲಾದರೆ ಮುಂದಿನದೂ ಬದಲಾಗುತ್ತದೆ, ಯೋಚಿಸಿ ಬರೆಯಿರಿ ಎಂದು ಹಿಂದಂಚೆಯವರು ಎಚ್ಚರಿಸುತ್ತಾರೆ. ಯೋಚಿಸಿದ್ದೇನೆ. ನಾನು ಈ ಮನೆಗೆ ಸೊಸೆಯಾಗಿ ಬರದೆಯೇ ಹೋಗಬಹುದು. ಆ ಭಯಕ್ಕೆ ಎರಡು ಸಲ ಪೆನ್ನು ಕೆಳಗಿಟ್ಟೆ. ಆದರೂ ಈ ಮನೆಯ ತೊಟ್ಟಿಲಲ್ಲಿ ಯಾವುದೋ ಒಂದು ಕೂಸು ಇರುತ್ತದೆ, ಅದಕ್ಕೊಬ್ಬ ಅತ್ತೆ ಇರುತ್ತಾಳೆ. ಅವಳು ಬಾಗಿಲ ತನಕ ಗಾಡಿಯಲ್ಲಿ ಬಂದು ಇಳಿಯಲಿ.

ಕೂಸನ್ನು ಹೆಗಲ ಮೇಲೆ ಹಾಕಿಕೊಂಡೇ ಆ ನಂಬರಿಗೆ ಹಚ್ಚಿ ಅಕ್ಕಾ, ಅತ್ತರೆ ಅಳಲಿ. ಗೆರೆ ಬೇಡವೆಂದು ಹೇಳಬೇಡಿ, ಗಾಳಿ ನಮಗೂ ಬೇಕು. ‘ನಮ್ಮ ಗಾಡಿಗಷ್ಟ ಅಲ್ಲರಿ, ನಮ್ಮ ಮನಿಗೆ ಬರೂ ಮಂದಿ ಗಾಡೀನೂ ಬಿಡ್ರಿ’ ಎಂದರೆ ಸಾಕು. ಎಂಜಿನಿಯರ್ ನಿದ್ದೆಗಣ್ಣಲ್ಲಿ ಬೈದರೆ ಬೈಸಿಕೊಳ್ಳಿ. ಎತ್ತದಿದ್ದರೆ ಮತ್ತೆ ಹಚ್ಚಿ. ಹಾಸಿಗೆಗೆ ಒರಗಬೇಡಿ, ಒರಗಿದರೆ ಕಣ್ಣು ಹತ್ತುತ್ತದೆ, ನನಗೆ ಗೊತ್ತು. ಕೈಮುಗಿಯುತ್ತೇನೆ. ಬೆಳಗಾಗುವುದರೊಳಗೆ ಫೋನ್ ಮಾಡಿ.